ಬಿದ್ದ ಗೂಡಿನ ಪ್ರದರ್ಶನ

ಗೂಡು ಹೆಣೆಯುವುದರಲ್ಲಿ ಗೀಜಗ ಹಕ್ಕಿಗೆ ಕಾಡಿನಲ್ಲೆಲ್ಲ ಹೆಸರಿತ್ತು. ಒಮ್ಮೆ ಅದು ಇನ್ನೊಂದು ಹಕ್ಕಿಗೆ ಗೂಡು ಕಟ್ಟಿಕೊಡುವಾಗ ಅವಸರದಲ್ಲಿ ಹಸಿಹುಲ್ಲಿನ ಬದಲು ಒಣಹುಲ್ಲಿನಿಂದ ಗಂಟು ಹಾಕಿತು. ಗೂಡು ಕಳಚಿಬಿದ್ದು ಒಳಗಿದ್ದ ಮರಿ ಸತ್ತುಹೋಯಿತು.

ಕಾಗೆ ಆ ಗೂಡನ್ನು ಎತ್ತಿ ಬಂಡೆಯ ಮೇಲಿಟ್ಟು, ನೋಡಲು ತಲೆಗೊಂದು ಹುಳು ವಸೂಲು ಮಾಡತೊಡಗಿತು. ಗುಬ್ಬಚ್ಚಿಗಳು ಸಾಲುಗಟ್ಟಿದವು. "ಅಯ್ಯೋ ಪಾಪ" ಎನ್ನುತ್ತ ಎರಡೆರಡು ಸಲ ನೋಡಿದವು.

"ಕಾಗಣ್ಣ, ಗೂಡು ಕೊಟ್ಟುಬಿಡು. ಮರಿಯ ತಾಯಿ ದಿನಾ ಇದೇ ದಾರಿಯಲ್ಲಿ ಹಾರುತ್ತಾಳೆ," ಎಂದಿತು ಗೀಜಗ.

"ಸತ್ಯ ತಿಳಿಯುವುದು ಲೋಕದ ಹಕ್ಕಪ್ಪ. ನಾನೇನು ಸುಳ್ಳು ಹೇಳಿದೆನೇ?"

"ಇಲ್ಲ. ಆದರೂ ಕೊಡು."

"ಸರಿ, ತೆಗೆದುಕೊಂಡು ಹೋಗು. ಬದಲಿಗೆ ಬೀಳುವಂಥ ಇನ್ನೊಂದು ಕಟ್ಟಿಕೊಡು."

ಗೀಜಗ ಬಾಯಿ ತೆರೆಯುವ ಮೊದಲೇ ಸಾಲಿನಿಂದ ಒಂದು ಗುಬ್ಬಚ್ಚಿ ಕೂಗಿತು: "ಯಾವ ಕೊಂಬೆಗೆ ಕಟ್ಟುತ್ತೀ ಅಂತ ಈಗಲೇ ಹೇಳಿಬಿಡಣ್ಣ. ಮುಂದಿನ ಸಾಲಲ್ಲೇ ಜಾಗ ಹಿಡಿಯಬೇಕು."