ಪರದೆ ತಿಕ್ಕಿದ ಮಸಿಬಟ್ಟೆ

ಆಯುಧಪೂಜೆಯ ಬೆಳಿಗ್ಗೆ ಅಡುಗೆಮನೆಯ ಮಸಿಬಟ್ಟೆ ಹೊಟ್ಟೆ ತುಂಬ ಸೋಪಿನ ನೀರು ಕುಡಿದು, ಎದೆಯುಬ್ಬಿಸಿಕೊಂಡು ಕಂಪ್ಯೂಟರಿನ ಮುಂದೆ ಬಂತು. ಹೋದ ವರ್ಷದ ಪೂಜೆಯಲ್ಲಿ ಪರದೆಯ ಹಣೆಗಿಟ್ಟ ಕುಂಕುಮ ಇನ್ನೂ ಅಲ್ಲೇ ಅಂಟಿಕೊಂಡಿತ್ತು.

“ಸ್ವಲ್ಪ ತಾಳಣ್ಣ,” ಎಂದಿತು ಕನ್ನಡಕ ಒರೆಸುವ ಮೆತ್ತನೆ ಬಟ್ಟೆ. “ಮೊದಲು ಸ್ವಿಚ್ ಆರಿಸಬೇಕು. ಆಮೇಲೆ ನನ್ನನ್ನು ಒಂಚೂರು ತೇವ ಮಾಡಿ, ಒತ್ತದೆ ಸವರಿದರೆ ಸಾಕು. ಪರದೆ ಬಹಳ ನಾಜೂಕು.”

ಮಸಿಬಟ್ಟೆಗೆ ನಗು ತಡೆಯಲಾಗಲಿಲ್ಲ. ತಪ್ಪಲೆಗಳ ಮಸಿ ಒರೆಸಿ ಹೆಸರು ಮಾಡಿದ ತನಗೆ ಅಂಗೈಯಗಲದ ಈ ಬಟ್ಟೆ ಪಾಠ ಹೇಳುವುದೇ?

“ಸವರುವುದಕ್ಕೆ ಇದೇನು ಹಸುಗೂಸೇ? ತಿಕ್ಕದೆ ಯಾವ ಕೊಳೆ ಬಿಟ್ಟೀತು, ತಮ್ಮಾ?” ಎನ್ನುತ್ತಾ ಅದು ಪರದೆಯ ಮೇಲೆ ಬಿದ್ದು ಬಲವಾಗಿ ಉಜ್ಜಿತು.

“ಅಯ್ಯೋ, ನೀರು ಒಳಗಿಳಿಯುತ್ತಿದೆ!” ಎಂದು ಪರದೆ ಚೀರಿತು.

ಕುಂಕುಮವೇನೋ ಹೋಯಿತು. ಅದಿದ್ದ ಜಾಗದಲ್ಲಿ ಕಪ್ಪು ಮಚ್ಚೆಯೊಂದು ಮೂಡಿತು. ಮಸಿಬಟ್ಟೆ ಉಜ್ಜಿದಷ್ಟೂ ಅದು ಹರಡಿತು. ಕೊನೆಗೆ ಪರದೆ ಪೂರ್ತಿ ಕಪ್ಪಾಗಿ, ಅದರ ದನಿಯೂ ಅಡಗಿತು.

ಮಸಿಬಟ್ಟೆ ಏದುಸಿರು ಬಿಡುತ್ತಾ ಮೆತ್ತನೆ ಬಟ್ಟೆಯತ್ತ ತಿರುಗಿತು.

“ನೋಡಿದೆಯಾ, ಒಳಗೆ ಎಷ್ಟು ಕೊಳೆ ತುಂಬಿಕೊಂಡಿತ್ತು! ನಾನು ಬರದೇ ಹೋಗಿದ್ದರೆ ಇದರ ಗತಿ ಏನಾಗುತ್ತಿತ್ತು?”