ಒಂದು ಅಕ್ಷರದ ಜಾಗ

"ಗುರುಗಳೇ, ಯಂತ್ರ ಏಳುತ್ತದೆ, ಕೆಲಸವನ್ನೂ ಮಾಡುತ್ತದೆ. ಹಾಗಿದ್ದ ಮೇಲೆ ಅದನ್ನು ಎಬ್ಬಿಸುವ ಬೂಟ್ ಕೋಡಿನ ಒಂದೊಂದು ಸಾಲೂ ಏಕಿದೆ ಎಂದು ತಿಳಿಯಲೇಬೇಕೆ?" ಎಂದು ಶಿಷ್ಯ ಚನ್ನವೀರ ಕೇಳಿದ. ಬೆಳಗಿನಿಂದ ಅದನ್ನೇ ಓದಿ ಅವನಿಗೆ ಸಾಕಾಗಿತ್ತು.

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇಸರ ಬಂತು ಎಂದು ನೇರವಾಗಿ ಹೇಳಬಾರದೇನಯ್ಯಾ? ಇರಲಿ, ಕೇಳು," ಎಂದು ಕತೆ ಶುರುಮಾಡಿದರು.

ಒಂದು ಊರಿನ ಮೇಲ್ಗಡೆ ಒಂದು ಜಲಾಶಯವಿತ್ತು. ಅದರ ಏರಿ ಮಣ್ಣಿನದು. ಮಣ್ಣಿನ ಏರಿಯ ಮೇಲೆ ನೀರು ಹರಿಯಿತೆಂದರೆ ಮುಗಿಯಿತು, ಏರಿಯೇ ಕೊಚ್ಚಿಹೋಗುತ್ತದೆ. ಹಾಗಾಗಿ ನೀರು ಮಿತಿ ಮೀರುವ ಮೊದಲೇ ಗೇಟು ಎತ್ತಿ ಹೊಳೆಗೆ ಬಿಡಬೇಕು. ಆ ಗೇಟು ಎತ್ತಲೆಂದು ಒಂದು ಪುಟ್ಟ ಕಂಪ್ಯೂಟರ್ ಮಾಡಿಸಿದರು. ನೀರಿನ ಮಟ್ಟ ಅಳೆಯುವ ಮಾಪಕದಿಂದ ಅದಕ್ಕೊಂದು ತಂತಿ. ಮಟ್ಟ ಏರಿದಾಗಲೆಲ್ಲ ಮಾಪಕ ಯಂತ್ರವನ್ನು ಕರೆಯುತ್ತದೆ. ಕರೆ ಬಂದರೆ ಯಂತ್ರ ಇದ್ದ ಕೆಲಸ ಬಿಟ್ಟು ಓಗೊಡಬೇಕು. ಅದು ಅದರ ಹುಟ್ಟುಗುಣ.

ಅದರ ಬೂಟ್ ಕೋಡ್ ಬರೆದವನು ಒಬ್ಬ ಪ್ರೋಗ್ರಾಮರ್. ಬರೆದ ಎನ್ನುವುದೂ ಜಾಸ್ತಿಯಾಯಿತು, ಹಳೆಯದೊಂದನ್ನು ಎಲ್ಲಿಂದಲೋ ತಂದು ತಿದ್ದಿದ್ದ. ದಡ್ಡನೇನಲ್ಲ, ನಿನ್ನ ಹಾಗೆಯೇ ಚುರುಕು. ಬೂಟ್ ಕೋಡಿಗೆ ಸಿಗುವ ಜಾಗ ಎಷ್ಟು ಕಡಿಮೆ, ಗೊತ್ತಲ್ಲ? ಅಷ್ಟರಲ್ಲೇ ಯಂತ್ರವನ್ನು ಎಬ್ಬಿಸಬೇಕು, ಆಪರೇಟಿಂಗ್ ಸಿಸ್ಟಮನ್ನು ತಂದು ಕೂರಿಸಬೇಕು. ಸಾಲದ್ದಕ್ಕೆ ಅವನ ಯಜಮಾನನಿಗೊಂದು ಆಸೆ. ಯಂತ್ರ ಏಳುವಾಗ ಪರದೆಯ ಮೇಲೆ ತನ್ನ ಹೆಸರು ಮೂಡಬೇಕು. ಪ್ರೋಗ್ರಾಮರ್ ಹೇಗೋ ತುರುಕಿದ. ಎಲ್ಲ ಹಿಡಿಸಿತು, ಹೆಸರಿನ ಕೊನೆಯ ಒಂದು ಅಕ್ಷರಕ್ಕೆ ಮಾತ್ರ ಜಾಗವಿಲ್ಲ. ಯಜಮಾನನ ಹೆಸರಿಗೇ ಕತ್ತರಿ ಹಾಕಲಾದೀತೆ!

ಅವನು ಕೆಲಸ ಮಾಡುವ ಕಡೆ ಒಂದು ರೂಢಿಯಿತ್ತು. ಜಾಗ ಬೇಕಾದಾಗ ಅರ್ಥವಾಗದ ಒಂದು ಸಾಲನ್ನು ತೆಗೆದು ನೋಡುವುದು. ಯಂತ್ರ ಎದ್ದರೆ ಆ ಸಾಲು ದಂಡ. ಏಳದಿದ್ದರೆ ಮತ್ತೆ ಹಾಕುವುದು. ಅವನು ಹುಡುಕಿದ. 'ಇಲ್ಲಿಂದ ಮುಂದೆ ಯಾರು ಕರೆದರೂ ಕೇಳಿಸಿಕೊಳ್ಳಬೇಡ' ಎನ್ನುವ ಒಂದು ಆಜ್ಞೆ ಕಣ್ಣಿಗೆ ಬಿತ್ತು. ಸರಿಯಾಗಿ ಒಂದು ಅಕ್ಷರದಷ್ಟು ಜಾಗ. ಕೇಳಲೆಂದೇ ಮಾಡಿದ ಯಂತ್ರಕ್ಕೆ ಕಿವಿ ಮುಚ್ಚು ಎನ್ನುವುದು ಯಾವ ಬುದ್ಧಿ ಎಂದು ತೆಗೆದುಹಾಕಿದ. ಮೇಜಿನ ಮೇಲೆ ಯಂತ್ರ ಸಲೀಸಾಗಿ ಎದ್ದಿತು. ಏಳದೆ ಏನು ಮಾಡೀತು? ಮೇಜಿನ ಮೇಲೆ ನೀರೆಲ್ಲಿ, ಮಾಪಕವೆಲ್ಲಿ!

ಬೇಸಿಗೆಯಲ್ಲಿ ಅದನ್ನು ಜಲಾಶಯಕ್ಕೆ ಒಯ್ದು ಕೂರಿಸಿದರು. ನೀರು ತಳ ಕಂಡಿತ್ತು, ಮಾಪಕ ತೆಪ್ಪಗಿತ್ತು. ಯಂತ್ರ ಅಲ್ಲಿಯೂ ಎದ್ದಿತು. ಎಲ್ಲರಿಗೂ ಖುಷಿಯೋ ಖುಷಿ. ಗೇಟು ಎತ್ತುವ ಹಳೆಯ ಕೈಚಕ್ರವನ್ನು ಕಿತ್ತು ಗುಜರಿಗೆ ಹಾಕಿದರು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಮಳೆ ಜೋರಾಗಿ ಕರೆಂಟು ಹೋಯಿತು, ತಿರುಗಿ ಬಂತು. ಯಂತ್ರ ಮತ್ತೆ ಮೊದಲಿನಿಂದ ಏಳಬೇಕು. ಪರದೆಯ ಮೇಲೆ ಯಜಮಾನನ ಹೆಸರು ಮೂಡಿತು, ಪೂರ್ತಿ ಹೆಸರು. ಕೂಡಲೇ ಪರದೆ ಕತ್ತಲಾಯಿತು. ಮತ್ತೆ ಹೆಸರು, ಮತ್ತೆ ಕತ್ತಲೆ. ಗೇಟಿನ ಕಾವಲುಗಾರ ಫಕೀರಪ್ಪ ಗಾಬರಿಯಿಂದ ಪ್ರೋಗ್ರಾಮರನಿಗೆ ಫೋನ್ ಮಾಡಿದ. ಅವನು ಬೈಕಿನಲ್ಲಿ ಬಂದು ಮುಟ್ಟುವ ಹೊತ್ತಿಗೆ ನೀರಿಗೂ ಏರಿಯ ಅಂಚಿಗೂ ನಡುವೆ ಮೊಳದಷ್ಟೂ ಉಳಿದಿರಲಿಲ್ಲ.

"ಊರಿಗೆ ತಿಳಿಸೀನ್ರಿ, ಮಂದಿ ಹೊಂಟಾರ. ಆದ್ರ ನನ್ನ ಮಗಳು ಹಸಿ ಬಾಣಂತಿ. ಮನ್ಯಾಗ ಅಕೀನ್ನ ಎತ್ತಿಕೊಂಡು ಬರವ್ರು ಯಾರೂ ಇಲ್ಲ," ಎಂದ ಫಕೀರಪ್ಪ.

ಬೇರೆ ಪ್ರೋಗ್ರಾಮು ಕೆಟ್ಟರೆ ಏನು ಕೆಟ್ಟಿತೆಂದು ಒಂದು ಮಾತು ಹೇಳಿ ಸಾಯುತ್ತದೆ. ಬೂಟ್ ಕೋಡ್ ಕೆಟ್ಟರೆ ಆ ಮಾತು ಹೇಳುವವನು ಇನ್ನೂ ಹುಟ್ಟಿಯೇ ಇರುವುದಿಲ್ಲ. ಯಾರನ್ನು ಕೇಳುವುದು? ಅವನು ಲ್ಯಾಪ್‌ಟಾಪ್ ತೆರೆದು ಮೊದಲ ಸಾಲಿನಿಂದ ಓದತೊಡಗಿದ. ಈ ಸಾಲು ಏಕಿದೆ, ಇದರ ಮುಂದಿನದು ಏಕಿದೆ? ಅವಸರದಲ್ಲಿ ಸಾಲು ತಪ್ಪುತ್ತಿತ್ತು. ತಪ್ಪಿದರೆ ಮತ್ತೆ ಹಿಂದಕ್ಕೆ ಬಂದು ಓದುತ್ತಿದ್ದ. ಹೊರಗೆ ಫಕೀರಪ್ಪ "ಬಂತ್ರೀ, ಇನ್ನೂ ಮ್ಯಾಲ ಬಂತ್ರೀ" ಎಂದು ಕೂಗುತ್ತಿದ್ದ.

ಆಜ್ಞೆ ತೆಗೆದ ಜಾಗಕ್ಕೆ ಬಂದಾಗ ಅವನಿಗೆ ಹೊಳೆಯಿತು. ಯಂತ್ರ ಬೂಟ್ ಕೋಡಿನ ಹಳೆಯ ನೆಲ ಬಿಟ್ಟು ಆಪರೇಟಿಂಗ್ ಸಿಸ್ಟಮಿನ ಹೊಸ ನೆಲಕ್ಕೆ ಕಾಲಿಡುವುದು ಅಲ್ಲೇ. ಯಾವ ಕರೆಗೆ ಯಾರು ಓಗೊಡಬೇಕೆಂಬ ಏರ್ಪಾಡು ಆಗ ಇನ್ನೂ ಆಗಿರುವುದಿಲ್ಲ. ಅದು ಆಗುವ ತನಕ ಕಿವಿ ಮುಚ್ಚಿರು ಎಂದೇ ಆ ಆಜ್ಞೆ ಹೇಳುತ್ತಿತ್ತು. ಆ ಗಳಿಗೆಯಲ್ಲಿ ಕರೆ ಬಂದರೆ ಯಂತ್ರ ಓಗೊಡುವವನನ್ನು ಹುಡುಕುತ್ತದೆ, ಇಲ್ಲ. ಇಲ್ಲ ಎಂದು ಯಾರಿಗಾದರೂ ಹೇಳಲು ಹೋಗುತ್ತದೆ, ಅವನೂ ಇಲ್ಲ. ಆಗ ಕುಸಿದು ಬಿದ್ದು ಮತ್ತೆ ಮೊದಲಿನಿಂದ ಏಳುತ್ತದೆ. ಅಷ್ಟರಲ್ಲಿ ಇನ್ನೊಂದು ಕರೆ. ನೀರು ಏರುತ್ತಿದೆ ಎಂದು ಮಾಪಕ ಕರೆಯುತ್ತಿದೆ. ಮಾಪಕ ಕರೆಯುತ್ತಿರುವುದರಿಂದಲೇ ಯಂತ್ರ ಏಳುತ್ತಿಲ್ಲ. ಯಂತ್ರ ಏಳದೆ ಗೇಟಿಲ್ಲ.

ಕೋಡು ತಿದ್ದಿ ಮತ್ತೆ ತುಂಬಿಸುವ ಸಲಕರಣೆ ಪಟ್ಟಣದಲ್ಲಿತ್ತು. ಅವನು ನೇರವಾಗಿ ಹೋಗಿ ಮಾಪಕದ ತಂತಿಗೆ ಕೈ ಹಾಕಿದ. ಫಕೀರಪ್ಪ ಓಡಿಬಂದು ಅವನ ಮುಂಗೈ ಹಿಡಿದ.

"ನೀರು ಬಂತು ಅಂತ ಹೇಳೋ ತಂತೀನ ಕೀಳತೀರೇನ್ರೀ? ತಲಿ ನೆಟ್ಟಗೈತೋ ಇಲ್ಲೋ ನಿಮಗ?"

"ಇದು ಕರೆಯುವುದನ್ನು ನಿಲ್ಲಿಸಿದರೆ ಮಾತ್ರ ಅದು ಏಳುತ್ತದೆ. ಕೈ ಬಿಡಿ ಫಕೀರಪ್ಪ, ನಿಮ್ಮ ಕಾಲು ಹಿಡಿಯುತ್ತೇನೆ."

ಫಕೀರಪ್ಪ ಕೈ ಬಿಟ್ಟ. ತಂತಿ ಕಳಚಿತು. ಪರದೆಯ ಮೇಲೆ ಹೆಸರು ಮೂಡಿತು, ಕತ್ತಲಾಯಿತು. ಈ ಸಲ ಕತ್ತಲೆ ಹಾಗೇ ಉಳಿಯಿತು. ಹೆಸರೂ ಮತ್ತೆ ಬರಲಿಲ್ಲ. ಇದ್ದ ಜೀವವನ್ನೂ ತೆಗೆದೆನಲ್ಲಪ್ಪಾ ಎಂದು ಪ್ರೋಗ್ರಾಮರ್ ನೆಲಕ್ಕೆ ಕುಳಿತ. ಫಕೀರಪ್ಪ ಮಗಳ ಹೆಸರು ಹಿಡಿದು ಅಳತೊಡಗಿದ. ಆಗ ಯಂತ್ರದ ದೀಪ ಹತ್ತಿತು. ಆಪರೇಟಿಂಗ್ ಸಿಸ್ಟಮ್ ಬಂದು ಕೂತಿತ್ತು. ಪ್ರೋಗ್ರಾಮರ್ ಎದ್ದು ತಂತಿಯನ್ನು ಮತ್ತೆ ಸಿಕ್ಕಿಸಿದ. ಕರೆ ಬಂತು, ಯಂತ್ರ ಓಗೊಟ್ಟಿತು, ಗೇಟು ನರಳುತ್ತಾ ಮೇಲೆದ್ದಿತು. ನೀರು ಹೊಳೆಗೆ ನುಗ್ಗಿತು. ಮಣ್ಣಿನ ಏರಿ ಉಳಿಯಿತು.

ಗುರುಗಳು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಅಬ್ಬಾ! ಸದ್ಯ, ತಾಯಿ ಮಗು ಉಳಿದರು," ಎಂದ ಚನ್ನವೀರ. ಸಮಾಧಾನವಾದ ಮೇಲೆ ಅವನಿಗೆ ವಾದ ಮಾಡಲು ಧೈರ್ಯ ಬಂತು. "ಆದರೆ ಗುರುಗಳೇ, ಆ ಆಜ್ಞೆ ಏಕಿತ್ತೆಂದು ಅವನು ತಿಳಿದದ್ದು ಅಲ್ಲಿಗೆ ಹೋದ ಮೇಲೆ ತಾನೇ? ಬೇಕಾದಾಗ ಕೂತು ಓದಿದರೆ ಆಯಿತಲ್ಲ!"

"ಅವನು ಓದಿ ಮುಗಿಸುವ ತನಕ ಆ ನೀರು ಕಾದುಕೊಂಡಿತ್ತು, ನಿನ್ನ ನೀರೂ ಕಾದುಕೊಂಡಿರುತ್ತದೆಂದು ನಿನಗೆ ಯಾರು ಹೇಳಿದರು?"