ಕೆನ್ನೆಯ ಬಣ್ಣ

"ಗುರುಗಳೇ, ಧ್ಯಾನಕ್ಕೆ ಕುಳಿತರೆ ನನ್ನ ಮನಸ್ಸು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಹೊಸಬರು ನೋಡಿ ಕಲಿಯಲೆಂದು ನೀವು ನನ್ನನ್ನೇ ಮುಂದೆ ಕೂರಿಸುತ್ತೀರಿ. ನಾನು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಎಲ್ಲ ಸರಿಯಿದ್ದವನಂತೆ ಕೂರುತ್ತೇನೆ. ನನ್ನ ಕುಂದನ್ನು ನಾನು ಮುಚ್ಚಿಟ್ಟುಕೊಂಡರೆ ಯಾರಿಗೇನು ನಷ್ಟ?" ಎಂದು ಹಿರಿಯ ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. "ನೀನು ಕೂರುವ ಚೆಂದ ನೋಡಿ ನಾನೇ ಒಮ್ಮೊಮ್ಮೆ ಮೋಸಹೋಗಿದ್ದೇನೆ. ಇರಲಿ, ಒಂದು ಕತೆ ಕೇಳು" ಎಂದರು.

ಒಬ್ಬ ಎಣ್ಣೆ ವ್ಯಾಪಾರಿಯ ಹೆಂಡತಿಗೆ ಎಡಗೆನ್ನೆಯ ತುಂಬ ಹುಟ್ಟುಮಚ್ಚೆ ಇತ್ತು. ಮದುವೆಗೆ ಮುಂಚೆ ಅವಳ ತಾಯಿ ಅದನ್ನು ಮುಚ್ಚುವುದು ಕಲಿಸಿದ್ದಳು. ನುಣ್ಣಗೆ ಅರೆದ ಅಕ್ಕಿ, ಗಂಧ, ಅರಿಸಿನವನ್ನು ಬೆಣ್ಣೆಯಲ್ಲಿ ಕಲಸಿ ಹಚ್ಚಬೇಕು. ಅದರ ಮೇಲೆ ಎರಡೂ ಕೆನ್ನೆಗೆ ಚಿಟಿಕೆ ಕುಂಕುಮ ತೀಡಬೇಕು. ಮನೆಯವರು ಏಳುವ ಮುನ್ನವೇ ಅವಳು ಎದ್ದು ಹಚ್ಚಿಕೊಂಡು ಮುಗಿಸುತ್ತಿದ್ದಳು. ಕೇರಿಯ ಹೆಂಗಸರು ಆ ಕೆನ್ನೆ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು. ಗಂಡನಿಗೆ ಗೊತ್ತಿತ್ತೋ ಇಲ್ಲವೋ, ಪುಣ್ಯಾತ್ಮ ಆ ಮಾತೆತ್ತಲಿಲ್ಲ.

ಅವಳಿಗೆ ಹೆಣ್ಣುಮಗು ಹುಟ್ಟಿತು. ಅದರ ಎಡಗೆನ್ನೆಯ ಮೇಲೂ ಅದೇ ಮಚ್ಚೆ.

"ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ. ನಿನ್ನ ಮುಖವಂತೂ ಬೆಣ್ಣೆಯ ಹಾಗಿದೆ. ಈ ಕೂಸು ಯಾವ ಜನ್ಮದ ಪಾಪ ಹೊತ್ತುಕೊಂಡು ಬಂತೋ" ಎಂದಳು ಅತ್ತೆ.

ಇದು ನನ್ನಿಂದಲೇ ಬಂದದ್ದು ಎನ್ನಲು ಬಾಣಂತಿಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿ ಮಗುವಿಗೆ ಹಾಲು ಕುಡಿಸಿದಳು. ಪಾಪ ಮಗುವಿನದೇ ಎಂದು ಮನೆಯಲ್ಲಿ ತೀರ್ಮಾನವಾಯಿತು. ಆ ಮಾತನ್ನು ಅಜ್ಜಿ ಮೊಮ್ಮಗಳ ಎದುರಿಗೂ ಆಡುತ್ತ ಬಂದಳು.

ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ತಾಯಿ ಅವಳ ಕೆನ್ನೆಗೂ ಬಣ್ಣ ಹಚ್ಚತೊಡಗಿದಳು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಳು. ಬಣ್ಣ ಹೋದೀತೆಂದು ಹುಡುಗಿ ಓರಗೆಯವರ ಜೊತೆ ಹೊಳೆಗೆ ಇಳಿಯಲಿಲ್ಲ. ಬೆವರೀತೆಂದು ಕುಂಟೆಬಿಲ್ಲೆ ಆಡಲಿಲ್ಲ. ಯಾರಾದರೂ ಹತ್ತಿರ ಕುಳಿತರೆ ಎಡಗೆನ್ನೆಯನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು.

ಮದುವೆಯ ಮಾತು ಬಂತು. ಗಂಡಿನ ಕಡೆಯವರು ನೋಡಲು ಬರುವ ದಿನ ಮಗಳು ಬಣ್ಣದ ಬಟ್ಟಲನ್ನು ಆಚೆ ತಳ್ಳಿದಳು.

"ನನಗೆ ಮದುವೆಯೂ ಬೇಡ, ಜನರ ಸಹವಾಸವೂ ಬೇಡ. ಲೋಕದಲ್ಲಿ ಇಂಥ ಮುಖ ಇರುವವಳು ನಾನೊಬ್ಬಳೇ. ನಿನಗೆಲ್ಲಿ ಗೊತ್ತಾಗಬೇಕು ಬಿಡಮ್ಮ" ಎಂದಳು.

ತಾಯಿ ಬಚ್ಚಲಿಗೆ ಹೋದಳು. ಸೀಗೆಪುಡಿ ಹಾಕಿ ಮುಖ ಉಜ್ಜಿ ತೊಳೆದಳು. ಸೆರಗಿನಲ್ಲಿ ಒರೆಸಿಕೊಳ್ಳುತ್ತ ಬಂದು ಮಗಳ ಎದುರು ಕುಳಿತಳು.

ಮಗಳು ತಾಯಿಯ ಕೆನ್ನೆ ಮುಟ್ಟಿದಳು. ಆಮೇಲೆ ತನ್ನ ಕೆನ್ನೆ ಮುಟ್ಟಿಕೊಂಡಳು. ಅಪ್ಪಿಕೊಳ್ಳಲು ತಾಯಿ ಕೈ ಚಾಚಿದಾಗ ಹಿಂದೆ ಸರಿದಳು.

"ಅಜ್ಜಿ ನನ್ನನ್ನು ಪಾಪಿ ಅಂದಾಗಲೆಲ್ಲ ನೀನು ಪಕ್ಕದಲ್ಲೇ ಇದ್ದೆ" ಎಂದಳು.

ಹುಟ್ಟಿದಂದಿನಿಂದ ಮಚ್ಚೆಗೆ ನಾಚಿದ್ದ ತಾಯಿ ಅಂದು ಬಣ್ಣಕ್ಕೆ ನಾಚಿದಳು. ಮಗಳ ಮುಖವನ್ನು ನೋಡಲಾಗದೆ ನೆಲ ನೋಡುತ್ತ ಕುಳಿತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಅವಳಿಗೆ ಮಗಳಿದ್ದಳು. ನಾನು ಸಂನ್ಯಾಸಿ. ನನಗೆ ಯಾರಿದ್ದಾರೆ?" ಎಂದ.

"ಮೊನ್ನೆ ಮಠ ಬಿಟ್ಟುಹೋದ ಹೊಸಬ ಬಾಗಿಲಲ್ಲಿ ನಿಂತು ನಿನ್ನನ್ನೇ ತೋರಿಸಿ, 'ಅವರ ಮನಸ್ಸು ಹಾಗೆ ನಿಲ್ಲುತ್ತದೆ, ನಿಲ್ಲದವನು ನಾನೊಬ್ಬನೇ' ಎಂದು ಅತ್ತ" ಎಂದರು ಗುರುಗಳು.